ಶಸ್ತ್ರವೈದ್ಯ ಹೊರಟುಹೋದ ಮೇಲೆ

ಪರದೇಶದ ಯಾವುದಾದರೊಂದು ಬಡ ಆಸ್ಪತ್ರೆಯಲ್ಲಿ ಕೆಲವು ಕಾಲ ಸ್ವಯಂಸೇವಕರಾಗಿ ದುಡಿದು ಬರಬೇಕೆಂಬ ಹಂಬಲವನ್ನು ಹೊತ್ತ ತರುಣ ಶಸ್ತ್ರವೈದ್ಯರು ಆಗಾಗ ನನ್ನಲ್ಲಿಗೆ ಬರುತ್ತಾರೆ. ಅಲ್ಲಿ ಯಾವ ಯಾವ ಉಪಕರಣಗಳು ದೊರೆಯುತ್ತವೆ, ಮಲೇರಿಯಕ್ಕೆ ಯಾವ ಮಾತ್ರೆ ನುಂಗಬೇಕು, ಆಪರೇಷನ್ ನಡೆಯುತ್ತಿರುವಾಗ ವಿದ್ಯುತ್ತು ಹೋದರೆ ಏನು ಗತಿ ಎಂದು ಅವರು ಕೇಳುವುದುಂಟು. ಕೇಳತಕ್ಕ ಪ್ರಶ್ನೆಗಳೇ ಅವೆಲ್ಲ. ಆದರೆ ಅಂಥ ಆಸ್ಪತ್ರೆಗೆ ಹೋದವನನ್ನು ಹಗಲಿರುಳೂ ಕಾಡುವ ಸಮಸ್ಯೆ ಬೇರೊಂದಿದೆ. ಕಲಿತ ವಿದ್ಯೆಯಿದ್ದು, ಕೈಯಲ್ಲಿ ಕಸುವಿದ್ದು, ರೋಗಿ ಕಣ್ಣೆದುರಿಗೆ ಮಲಗಿರುವಾಗ, ಈ ಶಸ್ತ್ರಕ್ರಿಯೆಯನ್ನು ಮಾಡಬೇಕೆ ಬಿಡಬೇಕೆ, ಮಾಡುವುದಾದರೆ ಎಲ್ಲಿಯವರೆಗೆ ಮಾಡಿ ನಿಲ್ಲಿಸಬೇಕು, ಇಬ್ಬರಲ್ಲಿ ಒಬ್ಬರನ್ನು ಮಾತ್ರ ಒಳಗೆ ಕರೆದುಕೊಳ್ಳಲು ಸಾಧ್ಯವಾದಾಗ ಆ ಒಬ್ಬರು ಯಾರಾಗಬೇಕು ಎಂಬುದೇ ಆ ಸಮಸ್ಯೆ. ಅದನ್ನು ಕುರಿತು ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಹೇಳಿಕೊಡುವುದು ತೀರ ಕಡಿಮೆಯಾದುದರಿಂದ, ನಾಲ್ಕು ಮಾತನ್ನು ಇಲ್ಲಿ ಬರೆಯಬೇಕೆನಿಸಿದೆ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಶಸ್ತ್ರವೈದ್ಯನು ಕೈಕೊಳ್ಳುವ ನಿರ್ಣಯವು ಅವನೊಬ್ಬನದೇ ಎಂಬಂತೆ ತೋರಿದರೂ, ಅದರ ಹಿಂದೆ ದೊಡ್ಡದೊಂದು ಪರಿವಾರವೇ ನಿಂತಿರುತ್ತದೆ. ರಕ್ತನಿಧಿ, ಸ್ಕ್ಯಾನಿಂಗ್ ಯಂತ್ರ, ಅರಿವಳಿಕೆಯ ತಜ್ಞರು, ತೀವ್ರನಿಗಾ ಘಟಕ, ರಾತ್ರಿಯೆಲ್ಲ ಎಚ್ಚರವಿರುವ ದಾದಿಯರು, ಮನೆಗೆ ಹೋದ ರೋಗಿಗೆ ಜ್ವರ ಬಂದರೆ ಮರುದಿನವೇ ಕರೆತರಬಲ್ಲ ಬಸ್ಸು ಆಟೋಗಳು, ಇವೆಲ್ಲವೂ ಆ ನಿರ್ಣಯದಲ್ಲಿ ಪಾಲುಗೊಂಡಿರುತ್ತವೆ. ಈ ಪರಿವಾರದಿಂದ ಒಂದೊಂದನ್ನೇ ತೆಗೆಯುತ್ತ ಹೋದಂತೆ, ಪಠ್ಯಪುಸ್ತಕದಲ್ಲಿ ನಿಸ್ಸಂದೇಹವಾಗಿ ಸರಿಯೆನಿಸಿದ್ದ ಉತ್ತರವೇ ರೋಗಿಗೆ ಅಪಾಯಕರವಾಗುವ ಹಂತವೊಂದು ಬರುತ್ತದೆ. ಆ ಹಂತ ಎಲ್ಲಿದೆಯೆಂಬುದನ್ನು ಗುರುತಿಸುವುದೇ ಅಲ್ಲಿ ಶಸ್ತ್ರವೈದ್ಯನ ಮೊದಲ ಕರ್ತವ್ಯ.

ಈ ಕೊರತೆಯ ವಿಸ್ತಾರವೆಷ್ಟೆಂಬುದನ್ನು 2015ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ನೇಮಿಸಿದ್ದ ಆಯೋಗವು ಲೆಕ್ಕಹಾಕಿ ಲೋಕದ ಮುಂದಿಟ್ಟಿತು. ಬೇಕಾದಾಗ ಸುರಕ್ಷಿತವಾದ, ತಮ್ಮ ಶಕ್ತಿಗೆ ನಿಲುಕುವ ಶಸ್ತ್ರಚಿಕಿತ್ಸೆ ದೊರೆಯದವರ ಸಂಖ್ಯೆ ಆಗ ಜಗತ್ತಿನಲ್ಲಿ 500 ಕೋಟಿಯಾಗಿತ್ತು. ವರ್ಷಕ್ಕೆ ನಡೆಯುತ್ತಿದ್ದ ಸುಮಾರು 31 ಕೋಟಿ ಶಸ್ತ್ರಕ್ರಿಯೆಗಳಲ್ಲಿ, ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನ ವಾಸಿಸುವ ಅತಿ ಬಡ ದೇಶಗಳ ಪಾಲಿಗೆ ಬರುತ್ತಿದ್ದುದು ಶೇಕಡ 6 ಮಾತ್ರ. ಪ್ರಾಣವನ್ನೂ ಅಂಗವನ್ನೂ ಉಳಿಸುವುದಕ್ಕಾಗಿ ವರ್ಷಂಪ್ರತಿ ಇನ್ನೂ 14.3 ಕೋಟಿ ಶಸ್ತ್ರಕ್ರಿಯೆಗಳು ನಡೆಯಬೇಕಾಗಿದ್ದವು. ಒಂದು ಜಿಲ್ಲಾ ಆಸ್ಪತ್ರೆ ಸಮರ್ಥವೋ ಅಲ್ಲವೋ ಎಂಬುದನ್ನು ಅಳೆಯಲು ಅದೇ ಆಯೋಗವು ಮೂರು ಕೆಲಸಗಳನ್ನು ಒರೆಗಲ್ಲಾಗಿ ಸೂಚಿಸಿತು: ಸಿಸೇರಿಯನ್ ಹೆರಿಗೆ, ಹೊಟ್ಟೆಯನ್ನು ತೆರೆದು ಮಾಡುವ ತುರ್ತು ಶಸ್ತ್ರಕ್ರಿಯೆ, ಚರ್ಮ ಹರಿದು ಹೊರಗೆ ತೆರೆದುಕೊಂಡ ಮೂಳೆಮುರಿತದ ಚಿಕಿತ್ಸೆ. ಕಠಿನ ನಿರ್ಣಯಗಳೂ ಬಹುಮಟ್ಟಿಗೆ ಈ ಮೂರರ ಸುತ್ತಲೇ ಹುಟ್ಟುತ್ತವೆಯಾದುದರಿಂದ ನಾನೂ ಈ ಕ್ರಮವನ್ನೇ ಅನುಸರಿಸುತ್ತೇನೆ.

ನಾನು ಕೆಲಸ ಮಾಡಿದುದು ಆಗ್ನೇಯ ಆಫ್ರಿಕದ ಮಲಾವಿ ದೇಶದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ. 1964ರಲ್ಲಿ ಸ್ವತಂತ್ರವಾದ ಆ ದೇಶಕ್ಕೆ ತನ್ನದೇ ಆದ ವೈದ್ಯಕೀಯ ಕಾಲೇಜು ದೊರೆತದ್ದು 1991ರಲ್ಲಿ, ಬ್ಲಾಂಟೈರ್ ನಗರದಲ್ಲಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆಯ ಭಾರವನ್ನು ಹೊತ್ತವರು ಕ್ಲಿನಿಕಲ್ ಆಫೀಸರೆಂದು ಕರೆಯಲ್ಪಡುವ, ಎಂ.ಬಿ.ಬಿ.ಎಸ್. ಓದದ, ಆದರೆ ಕೆಲವು ವರ್ಷಗಳ ಪ್ರತ್ಯೇಕ ತರಬೇತಿಯನ್ನು ಪಡೆದ ಸ್ಥಳೀಯರು. ಜಿಲ್ಲೆಗಳಲ್ಲಿ ನಡೆಯುವ ತುರ್ತು ಸಿಸೇರಿಯನ್‌ಗಳಲ್ಲಿ ಬಹುಪಾಲನ್ನು ಮಾಡುವವರು ಅವರೇ. ಅವರ ಕೆಲಸದ ಫಲವು ವೈದ್ಯರ ಕೆಲಸದ ಫಲಕ್ಕಿಂತ ಕಡಿಮೆಯಲ್ಲವೆಂಬುದು ಅಧ್ಯಯನದಿಂದ ಸಿದ್ಧಪಟ್ಟಿದೆ. ರೋಗಿಯ ಜೊತೆಗೆ ಬಂದ ನೆಂಟರು ಆಸ್ಪತ್ರೆಯ ಆವರಣದಲ್ಲಿಯೇ ತಂಗಿ, ಮೂರು ಕಲ್ಲಿನ ಒಲೆ ಹೂಡಿ, ನಮ್ಮ ರಾಗಿಮುದ್ದೆಯನ್ನು ಹೋಲುವ ‘ನ್ಸೀಮ’ ಎಂಬ ಮುಸುಕಿನ ಜೋಳದ ಹಿಟ್ಟಿನ ಅಡುಗೆಯನ್ನು ಮಾಡಿ ರೋಗಿಗೆ ಉಣ್ಣಿಸುತ್ತಾರೆ. ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ಮಲಗಿ ರಾತ್ರಿ ಕಾಯುವವರೂ ಅವರೇ. ಈ ಕ್ಲಿನಿಕಲ್ ಆಫೀಸರೂ ಈ ನೆಂಟರೂ ಇಲ್ಲದಿದ್ದರೆ, ಹೊರಗಿನಿಂದ ಬಂದ ತಜ್ಞನೊಬ್ಬನು ಎಷ್ಟು ದೊಡ್ಡ ಪದವೀಧರನಾದರೂ ಅಲ್ಲಿ ಒಂದು ದಿನದ ಕೆಲಸವನ್ನೂ ಸಾಗಿಸಲಾರ.

ಮೊದಲು ಹೆರಿಗೆಯ ವಿಷಯ. ಎರಡು ಹಗಲು ಎರಡು ರಾತ್ರಿ ಹಳ್ಳಿಯಲ್ಲೇ ನೋವು ತಿಂದ ತರುಣಿಯೊಬ್ಬಳನ್ನು ಒಂದು ಸಂಜೆ ಸೈಕಲ್ಲಿನ ಹಿಂಬದಿಯಲ್ಲಿ ಕುಳ್ಳಿರಿಸಿಕೊಂಡು ತಂದರು. ಶಿಶುವಿನ ತಲೆ ಸೊಂಟದ ಎಲುಬುಗಳ ನಡುವೆ ಸಿಕ್ಕಿಕೊಂಡಿತ್ತು, ಅದರ ಎದೆಬಡಿತ ನಿಂತು ಬಹಳ ಹೊತ್ತಾಗಿತ್ತು, ತಾಯಿಗೆ ಜ್ವರವೇರಿತ್ತು. ನಮ್ಮ ಕಡೆಯಲ್ಲಿ ಕಲಿತು ಬಂದವನ ನಾಲಗೆಗೆ ಸಿಸೇರಿಯನ್ ಎಂಬ ಉತ್ತರ ಒಡನೆಯೇ ಬರುತ್ತದೆ. ಆ ಆಸ್ಪತ್ರೆಯ ಹಿರಿಯ ಕ್ಲಿನಿಕಲ್ ಆಫೀಸರು ಆಕೆಯನ್ನು ಪರೀಕ್ಷಿಸಿ, ಕೈ ತೊಳೆದುಕೊಳ್ಳುತ್ತ, “ಡಾಕ್ಟರೇ, ಈಕೆಯ ಮುಂದಿನ ಹೆರಿಗೆ ಎಲ್ಲಿ ಆದೀತು?” ಎಂದು ಕೇಳಿದರು. ನಾನು ಅಂಥ ಆಸ್ಪತ್ರೆಗಳ ವಿಚಾರವಾಗಿ ಓದಿದ ಪುಸ್ತಕಗಳೆಲ್ಲವೂ ಹೇಳಲಾರದಷ್ಟನ್ನು ಆ ಒಂದು ಪ್ರಶ್ನೆ ಹೇಳಿತು. ಗರ್ಭಾಶಯದ ಮೇಲೆ ಒಮ್ಮೆ ಕೊಯ್ದ ಗಾಯವು ಮುಂದಿನ ಪ್ರಸವದ ವೇಳೆಯಲ್ಲಿ ಬಿರಿಯುವ ಸಂಭವವುಂಟು. ಆಸ್ಪತ್ರೆ ಹತ್ತಿರವಿದ್ದಲ್ಲಿ ಅದು ನಿಭಾಯಿಸಬಹುದಾದ ಅಪಾಯ. ಮಳೆಗಾಲದಲ್ಲಿ ರಸ್ತೆಯೇ ಕಡಿದುಹೋಗುವ ಹಳ್ಳಿಯಲ್ಲಿ ಅದೇ ಸಂಭವಕ್ಕೆ ಬಹುಮಟ್ಟಿಗೆ ಮರಣವೆಂದೇ ಅರ್ಥ. ಅದರ ಮೇಲೆ, ಸೋಂಕು ತಗುಲಿದ ಗರ್ಭಾಶಯವನ್ನು ಹೊಟ್ಟೆಯೊಳಗಿನಿಂದ ತೆರೆದರೆ ಕೀವು ಒಡಲಿಗೆಲ್ಲ ಹರಡುವ ಭಯವೂ ಇದೆ.

ಇಂಥ ಸಂದರ್ಭದಲ್ಲಿ ಶಿಶುವು ನಿಶ್ಚಯವಾಗಿ ತೀರಿಕೊಂಡಿದ್ದು, ಗರ್ಭಕಂಠ ಪೂರ್ಣವಾಗಿ ತೆರೆದಿದ್ದು, ಗರ್ಭಾಶಯ ಹರಿದಿಲ್ಲದಿದ್ದರೆ, ಶಿಶುವಿನ ತಲೆಯ ಗಾತ್ರವನ್ನು ಕುಗ್ಗಿಸಿ ಕೆಳದಾರಿಯಿಂದಲೇ ಹೊರತೆಗೆಯುವ ಹಳೆಯ ವಿಧಾನವೊಂದಿದೆ. ಸಿರಿವಂತ ದೇಶಗಳ ತರುಣ ವೈದ್ಯರು ಅದನ್ನು ಕಣ್ಣಾರೆ ಕಂಡಿರುವುದೇ ಅಪರೂಪ. ಕಂಡರೆ ಅದರ ಕ್ರೌರ್ಯಕ್ಕೆ ಅಂಜಿಯಾರು. ಆದರೆ ಮೃತಶಿಶುವಿನ ದೇಹಕ್ಕೆ ಸಲ್ಲಿಸಬೇಕಾದ ಗೌರವಕ್ಕೂ, ಬದುಕಿರುವ ತಾಯಿಯ ಮುಂದಿನ ಆಯುಷ್ಯಕ್ಕೂ ನಡುವೆ ಆಯ್ಕೆ ಬಂದಾಗ, ಕಾಣುವ ಕ್ರೌರ್ಯಕ್ಕಿಂತ ಕಾಣದ ಕ್ರೌರ್ಯವೇ ದೊಡ್ಡದೆಂಬುದನ್ನು ವೈದ್ಯನು ನೆನೆಯಬೇಕಾಗುತ್ತದೆ. ಆ ಕ್ಲಿನಿಕಲ್ ಆಫೀಸರು ಆಕೆಯ ತಾಯಿಯನ್ನೂ ಗಂಡನನ್ನೂ ಕರೆಸಿ, ಚಿಚೇವ ಭಾಷೆಯಲ್ಲಿ ಬಹಳ ಹೊತ್ತು ಮೆಲ್ಲನೆ ವಿವರಿಸಿ, ಆಕೆಯ ಒಪ್ಪಿಗೆಯನ್ನು ಆಕೆಯಿಂದಲೇ ಪಡೆದು, ಆ ಕೆಲಸವನ್ನು ತಾವೇ ಮಾಡಿದರು. ನಾನು ಜೊತೆಗೆ ನಿಂತೆ. ಬಹುಕಾಲ ತಲೆಯ ಒತ್ತಡಕ್ಕೆ ಸಿಕ್ಕ ಮೂತ್ರಕೋಶದ ಭಿತ್ತಿ ಸತ್ತು ತೂತಾದರೆ, ಜೀವಮಾನವೆಲ್ಲ ಮೂತ್ರ ಸೋರುವ ದುರ್ಗತಿ ಹೆಂಗಸಿಗೆ ಬರುತ್ತದೆಯಾದುದರಿಂದ, ಆಕೆಗೆ ಹಾಕಿದ ಮೂತ್ರನಳಿಕೆಯನ್ನು ಎರಡು ವಾರಗಳವರೆಗೆ ತೆಗೆಯಕೂಡದೆಂದು ಅವರು ದಾದಿಗೆ ಎರಡು ಬಾರಿ ಹೇಳಿದರು. ತುಚ್ಛವೆಂದು ತೋರುವ ಆ ರಬ್ಬರಿನ ನಳಿಕೆ, ಅಲ್ಲಿ, ಶಸ್ತ್ರದಷ್ಟೇ ಘನವಾದ ಚಿಕಿತ್ಸೆ.

ಗರ್ಭಾಶಯ ಹರಿದೇ ಬಂದ ಹೆಂಗಸಿನ ಸಂದರ್ಭ ಇದಕ್ಕಿಂತ ಜಟಿಲವಾದುದು. ಹರಿದುದನ್ನು ಹೊಲಿದು ಉಳಿಸಿದರೆ ಮುಂದಿನ ಬಸಿರು ಆಕೆಯನ್ನು ಕೊಂದೀತು. ಗರ್ಭನಾಳಗಳನ್ನು ಕಟ್ಟಿಬಿಟ್ಟರೆ ಪ್ರಾಣ ಉಳಿದೀತು, ಆದರೆ ಜೀವಂತ ಮಗುವಿಲ್ಲದ ಹೆಂಗಸಿಗೆ ಮನೆಯಲ್ಲಿ ಸ್ಥಾನ ಉಳಿಯುವುದೆಂಬ ಭರವಸೆಯಿಲ್ಲ. ಪ್ರಾಣವೇ ಎಲ್ಲಕ್ಕಿಂತ ದೊಡ್ಡದೆಂಬ ಸೂತ್ರವನ್ನು ಹಿಡಿದು ಪರದೇಶದ ವೈದ್ಯನೊಬ್ಬನು, ಆಕೆಯನ್ನು ಕೇಳದೆಯೇ, ಇದನ್ನು ತೀರ್ಮಾನಿಸುವುದಾದರೆ ಅದು ಉಪಕಾರದ ವೇಷ ತೊಟ್ಟ ಅಧಿಕಾರವೇ ಸರಿ. ಅರಿವಳಿಕೆ ಕೊಡುವುದಕ್ಕೆ ಮುನ್ನ, ಎಷ್ಟೇ ಆತುರವಿದ್ದರೂ, ಆಕೆಯ ಭಾಷೆಯನ್ನು ಬಲ್ಲವರ ಬಾಯಿಂದ ಆ ಪ್ರಶ್ನೆಯನ್ನು ಕೇಳಿಸಲೇಬೇಕು.

ಎರಡನೆಯದು ಹೊಟ್ಟೆಯ ಶಸ್ತ್ರಕ್ರಿಯೆ. ಗರ್ಭನಾಳದಲ್ಲಿ ನಿಂತ ಬಸಿರು ಒಡೆದು, ಒಡಲೊಳಗೆಲ್ಲ ರಕ್ತ ತುಂಬಿಕೊಂಡು, ನಾಡಿ ಸಿಕ್ಕದ ಸ್ಥಿತಿಯಲ್ಲಿ ಹೆಂಗಸೊಬ್ಬಳು ಬಂದಾಳು. ರಕ್ತನಿಧಿಯ ಫ್ರಿಜ್ಜು ಬರಿದಾಗಿದ್ದೀತು. ಅಂಥಲ್ಲಿ ಆಕೆಯ ರಕ್ತವೇ ಆಕೆಗೆ ಔಷಧ. ಹೊಟ್ಟೆಯನ್ನು ತೆರೆದೊಡನೆ ಶುದ್ಧಗೊಳಿಸಿದ ಬಟ್ಟಲಿನಿಂದ ಆ ರಕ್ತವನ್ನು ಮೊಗೆದು, ಹಲವು ಪದರದ ಗಾಜ್ ಬಟ್ಟೆಯಲ್ಲಿ ಸೋಸಿ, ಹೆಪ್ಪುಗಟ್ಟದಂತೆ ತಡೆಯುವ ದ್ರಾವಣವಿರುವ ರಕ್ತದ ಚೀಲಕ್ಕೆ ತುಂಬಿ, ಅದನ್ನು ಮತ್ತೆ ಆಕೆಯ ರಕ್ತನಾಳಕ್ಕೆ ಹರಿಸುತ್ತಾರೆ. ಕರುಳು ಒಡೆದು ಮಲ ಬೆರೆತಿರಬಾರದು, ರಕ್ತವು ಹಳತಾಗಿರಬಾರದು ಎಂಬ ನಿಬಂಧನೆಗಳನ್ನು ಪಾಲಿಸಿದರೆ ಇದು ಪ್ರಾಣವುಳಿಸುವ ಕ್ರಮ. ಮೊಗೆಯಲೊಬ್ಬರು, ಸೋಸಲೊಬ್ಬರು, ಚೀಲವನ್ನೆತ್ತಿ ಹಿಡಿಯಲೊಬ್ಬರು ನಿಂತು ನಡೆಸುವ ಆ ಕೆಲಸದಲ್ಲಿ, ಬಿಳಿಚಿದ್ದ ತುಟಿಗಳು ಬಣ್ಣ ತಿರುಗುವುದನ್ನು ಕಂಡವನು ಬಡತನದೊಳಗಿನ ಜಾಣ್ಮೆಯನ್ನು ಎಂದೂ ಹೀನವಾಗಿ ಎಣಿಸಲಾರನು.

ಟೈಫಾಯ್ಡ್ ಜ್ವರದಿಂದ ಸಣ್ಣಕರುಳು ತೂತಾದ ಮಕ್ಕಳು ಬಂದಾಗ ನಿರ್ಣಯ ಇನ್ನೊಂದು ರೀತಿಯದು. ಹೊಟ್ಟೆಯಲ್ಲಿ ಮಲವೂ ಕೀವೂ ಹರಡಿರುವಾಗ ತೂತನ್ನು ಹೊಲಿದರೆ ಹೊಲಿಗೆ ಬಿಡುವ ಭಯ. ಕರುಳಿನ ತುದಿಯನ್ನು ಹೊಟ್ಟೆಯ ಮೇಲಕ್ಕೆ ತಂದು ಅಲ್ಲಿಯೇ ದ್ವಾರ ಮಾಡಿಬಿಡುವುದು ನಗರದ ಆಸ್ಪತ್ರೆಯಲ್ಲಾದರೆ ಕ್ಷೇಮಕರ. ಆದರೆ ಆ ದ್ವಾರಕ್ಕೆ ಅಂಟಿಸುವ ಚೀಲಗಳೇ ದೊರೆಯದ ಊರಿನಲ್ಲಿ, ಸಣ್ಣಕರುಳಿನ ಸುಡುವ ರಸ ಸುತ್ತಲ ಚರ್ಮವನ್ನು ತಿಂದು, ಮೊದಲೇ ಸೊರಗಿದ ಮಗುವಿನ ದೇಹದಿಂದ ನೀರೂ ಉಪ್ಪೂ ಸೋರಿಹೋಗಿ, ಶಸ್ತ್ರಕ್ರಿಯೆಯಲ್ಲಿ ಉಳಿದ ಜೀವ ವಾರ್ಡಿನಲ್ಲಿ ನಂದಬಹುದು. ಹಾಗೆಂದು ಹೊಲಿಗೆಯೇ ಸದಾ ಸರಿಯೆಂದೂ ಹೇಳಲಾಗದು. ತೂತು ಎಷ್ಟು, ಜ್ವರ ಹತ್ತಿ ಎಷ್ಟು ಕಾಲವಾಯಿತು, ಮಗುವಿನ ರಕ್ತದ ಒತ್ತಡ ಹೇಗಿದೆ, ತಾಯಿ ದಿನಕ್ಕೆಷ್ಟು ಬಾರಿ ಗಾಯವನ್ನು ತೊಳೆಯಬಲ್ಲಳು ಎಂಬ ಇಷ್ಟನ್ನೂ ತೂಗಿ, ಪ್ರತಿ ಮಗುವಿಗೂ ಬೇರೆ ಬೇರೆಯಾಗಿಯೇ ತೀರ್ಮಾನಿಸಬೇಕು.

ಮೂರನೆಯದು ಮೂಳೆ ಮುರಿತ. ಮೋಟಾರ್ ಸೈಕಲ್ಲಿನಿಂದ ಬಿದ್ದು ಮೊಣಕಾಲ ಕೆಳಗಿನ ಎಲುಬು ಚರ್ಮವನ್ನು ಹರಿದು ಹೊರಬಂದ ರೈತನು ದಿನಗಳು ಕಳೆದ ಮೇಲೆ ಆಸ್ಪತ್ರೆಗೆ ಬರುತ್ತಾನೆ. ಸತ್ತ ಮಾಂಸವನ್ನೆಲ್ಲ ಕತ್ತರಿಸಿ ತೆಗೆದು, ಧಾರಾಳವಾಗಿ ನೀರಿನಿಂದ ತೊಳೆದು, ಗಾಯವನ್ನು ಹೊಲಿಯದೆ ತೆರೆದೇ ಬಿಡಬೇಕು. ಕೆಲವು ದಿನಗಳ ಮೇಲೆ ಶುದ್ಧವಾಗಿ ಕಂಡರೆ ಆಗ ಮುಚ್ಚಬೇಕು. ಇದು ಯುದ್ಧಭೂಮಿಯ ಶಸ್ತ್ರವೈದ್ಯರು ಅಪಾರ ಪ್ರಾಣಹಾನಿಯ ಬೆಲೆ ತೆತ್ತು ಕಲಿತ ಪಾಠ. ಅಲ್ಲಿಯವರೆಗೆ ಕಷ್ಟವಿಲ್ಲ. ಕಷ್ಟ ಬರುವುದು ಕಾಲನ್ನು ಉಳಿಸಲು ಹೋಗಬೇಕೆ, ಕತ್ತರಿಸಬೇಕೆ ಎಂಬಲ್ಲಿ. ಉಳಿಸುವುದೆಂದರೆ ಹಲವು ಶಸ್ತ್ರಕ್ರಿಯೆಗಳು, ತಿಂಗಳುಗಟ್ಟಲೆ ಹಾಸಿಗೆ, ಆ ಕಾಲದಲ್ಲಿ ಬಿತ್ತದೆ ಉಳಿದ ಹೊಲ, ಸಾಲಮಾಡಿ ನ್ಸೀಮ ಬೇಯಿಸುವ ಹೆಂಡತಿ, ಇಷ್ಟರ ಮೇಲೂ ಎಲುಬು ಕೂಡದಿರುವ ಸಂಭವ. ಕತ್ತರಿಸುವುದೆಂದರೆ ಕೆಲವು ವಾರಗಳಲ್ಲಿ ಗಾಯ ಮಾಯುವುದು, ಆದರೆ ಕೃತಕ ಕಾಲು ಸಿಗದ ಜಿಲ್ಲೆಯಲ್ಲಿ ಗುದ್ದಲಿ ಹಿಡಿದು ಬದುಕುವವನು ಊರುಗೋಲಿಗೆ ಬೀಳುವುದು. ನಂಜೇರಿ ಪ್ರಾಣಕ್ಕೇ ಸಂಚಕಾರ ಬಂದಾಗ ಮಾತ್ರ ಉತ್ತರ ಸ್ಪಷ್ಟ. ಆಗಲೂ ರೋಗಿ ಬೇಡವೆಂದರೆ, ಅವನ ಮನೆಯ ಹಿರಿಯರನ್ನು ಬರಮಾಡಿಕೊಂಡು ಕಾಯುವ ತಾಳ್ಮೆ ಬೇಕು, ಎಷ್ಟು ಹೊತ್ತಿನವರೆಗೆ ಕಾಯಬಹುದೆಂಬ ನಿಷ್ಠುರ ಲೆಕ್ಕವೂ ಬೇಕು.

ಇನ್ನು ಶಸ್ತ್ರವನ್ನು ಎತ್ತದೆಯೇ ಇರುವ ನಿರ್ಣಯಗಳಿವೆ. ಇವೇ ಸ್ವಯಂಸೇವಕನಿಗೆ ಅತ್ಯಂತ ದುಸ್ಸಹವಾದವು. ದವಡೆ ಊದಿಕೊಂಡು ಹಲ್ಲುಗಳು ಅಲ್ಲಾಡುತ್ತಿರುವ ಮಕ್ಕಳನ್ನು ಕಂಡು, ಉಗಾಂಡದಲ್ಲಿ ದುಡಿಯುತ್ತಿದ್ದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1958ರಲ್ಲಿ ಆ ಗೆಡ್ಡೆಯನ್ನು ಕುರಿತು ಬರೆದನು. ಇಂದಿಗೂ ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಕೊಯ್ದು ತೆಗೆಯಬೇಕೆಂದು ಕೈ ತುರಿಸುವ ಆ ಗೆಡ್ಡೆಗೆ ಶಸ್ತ್ರದಿಂದ ಉಪಯೋಗವಿಲ್ಲ. ಔಷಧಿಗೆ ಅದು ಕರಗುತ್ತದೆ. ಸಣ್ಣದೊಂದು ತುಣುಕನ್ನು ಪರೀಕ್ಷೆಗೆ ತೆಗೆದು, ಮಗುವನ್ನು ಔಷಧಿಯಿರುವ ದೊಡ್ಡ ಆಸ್ಪತ್ರೆಗೆ ಕಳುಹಿಸಲು ಬಸ್ಸಿನ ಹಣ ಹೊಂದಿಸುವುದೇ ಅಲ್ಲಿ ಶಸ್ತ್ರವೈದ್ಯನ ಕೆಲಸ. ಇದಕ್ಕೆ ವಿರುದ್ಧವಾಗಿ, ಅಡುಗೆಯ ಬೆಂಕಿಗೆ ಬಿದ್ದು ಮೈಯ ಬಹುಭಾಗ ಸುಟ್ಟ ಮಗುವನ್ನು ಕಳುಹಿಸತಕ್ಕ ಸ್ಥಳವೇ ಇಲ್ಲದಿರಬಹುದು. ಸಲಕರಣೆಯುಳ್ಳ ನಗರದಲ್ಲಾದರೆ ಉಳಿದೀತು ಎಂಬ ಅರಿವು ಆ ವೇಳೆಯಲ್ಲಿ ವೈದ್ಯನನ್ನು ದಹಿಸುವುದು ನಿಜ. ಆದರೆ ಆ ದಾಹವನ್ನು ತಣಿಸಿಕೊಳ್ಳುವುದಕ್ಕೋಸ್ಕರ ವ್ಯರ್ಥವಾದ ಶಸ್ತ್ರಕ್ರಿಯೆಗಳಿಂದ ಮಗುವಿನ ಕೊನೆಯ ದಿನಗಳನ್ನು ನೋವಿನಿಂದ ತುಂಬುವ ಹಕ್ಕು ಅವನಿಗಿಲ್ಲ. ನೋವನ್ನು ನೀಗುವ ಮಾರ್ಫೀನ್ ಕೊಟ್ಟು, ತಾಯಿಗೆ ಸತ್ಯವನ್ನು ತಿಳಿಸಿ, ಪಕ್ಕದಲ್ಲಿ ಕುಳಿತಿರುವುದೂ ವೈದ್ಯವೃತ್ತಿಯೇ.

ಏಕಕಾಲದಲ್ಲಿ ಇಬ್ಬರು ಬಂದಾಗ, ಇರುವ ಒಂದೇ ಆಪರೇಷನ್ ಕೋಣೆಯೂ ಒಂದೇ ಆಮ್ಲಜನಕ ಯಂತ್ರವೂ ಯಾರಿಗೆ ಸಲ್ಲಬೇಕು? ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಲಾರೆಯು ಪದವಿಯನ್ನೂ ಅಂತಸ್ತನ್ನೂ ಲೆಕ್ಕಿಸದೆ, ಗಾಯದ ತೀವ್ರತೆಯೊಂದನ್ನೇ ನೋಡಿ ಸರದಿ ನಿಶ್ಚಯಿಸಿದನು. ಆ ನ್ಯಾಯಕ್ಕೆ ಬಡ ಆಸ್ಪತ್ರೆ ಮತ್ತೊಂದನ್ನು ಸೇರಿಸುತ್ತದೆ: ತೀವ್ರತೆಯ ಜೊತೆಗೆ, ಈ ಕೋಣೆಯಿಂದ, ಈ ಔಷಧಿಗಳಿಂದ, ಈ ರಾತ್ರಿಯಲ್ಲಿ ಯಾರು ಉಳಿಯಬಲ್ಲರು ಎಂಬುದನ್ನೂ ನೋಡಬೇಕು. ಅಂಥ ತೀರ್ಮಾನವನ್ನು ಒಬ್ಬನೇ ಹೊರಬಾರದು. ಕ್ಲಿನಿಕಲ್ ಆಫೀಸರು, ಅರಿವಳಿಕೆ ಕೊಡುವವರು, ಹಿರಿಯ ದಾದಿ ಈ ಮೂವರೊಡನೆ ಎರಡು ನಿಮಿಷ ನಿಂತು ಮಾತಾಡಿ ಹೊರಟ ತೀರ್ಮಾನವು ಒಂಟಿಯಾಗಿ ಮಾಡಿದುದಕ್ಕಿಂತ ನ್ಯಾಯವಾದುದು. ಮನಸ್ಸಿಗೂ ಅದು ಸಹ್ಯವಾದುದು.

ಅಭಾವದ ಈ ಲೋಕದಲ್ಲಿ ಒಳ್ಳೆಯ ಸಾಧನಗಳೇ ಇಲ್ಲವೆಂದು ಭಾವಿಸಬೇಕಾಗಿಲ್ಲ. 1962ರಲ್ಲಿ ಅಮೆರಿಕದಲ್ಲಿ ತಯಾರಾದ ಕೆಟಮಿನ್ ಎಂಬ ಅರಿವಳಿಕೆ ಔಷಧವು ಉಸಿರನ್ನು ಬಹುಮಟ್ಟಿಗೆ ತಡೆಯದೆ, ರಕ್ತದೊತ್ತಡವನ್ನು ಕುಗ್ಗಿಸದೆ, ದೊಡ್ಡ ಯಂತ್ರಗಳ ಹಂಗಿಲ್ಲದೆ ಶಸ್ತ್ರಕ್ರಿಯೆಯನ್ನು ಸಾಧ್ಯಗೊಳಿಸಿದೆ. ಹರ್ನಿಯಾಕ್ಕೆ ಹಾಕುವ ಬಲೆ ದುಬಾರಿಯೆಂದು ಕಂಡ ನಮ್ಮ ನೆರೆಯ ಮಹಾರಾಷ್ಟ್ರದ ದೊಂಡಾಯಿಚದ ಡಾ. ರವೀಂದ್ರನಾಥ ತೊಂಗಾಂವ್‌ಕರ್ ಅವರು ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧೀಕರಿಸಿ ಬಳಸುವ ಕ್ರಮವನ್ನು ಆರಂಭಿಸಿದರು. ನೂರು ಡಾಲರಿಗೂ ಮೀರಿದ ಬೆಲೆಯ ಬಲೆಗೆ ಒಂದು ಡಾಲರಿಗೂ ಕಡಿಮೆಯ ಈ ಬಲೆ ಸಮಾನವೆಂಬುದು ಉಗಾಂಡದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ದೃಢಪಟ್ಟಿತು. ದರಿದ್ರರಿಗೆ ಎರಡನೆಯ ದರ್ಜೆಯ ಚಿಕಿತ್ಸೆ ಸಾಕೆಂಬ ಭಾವನೆ ಎಷ್ಟು ಹೀನವಾದುದೋ, ದುಬಾರಿಯಾದುದೇ ಮೊದಲ ದರ್ಜೆಯೆಂಬ ಭಾವನೆಯೂ ಅಷ್ಟೇ ಅವಿಚಾರವಾದುದು.

ಈ ಎಲ್ಲ ಉದಾಹರಣೆಗಳನ್ನೂ ಒಟ್ಟಿಗೆ ನೋಡಿದರೆ ಒಂದೇ ಪ್ರಶ್ನೆ ಅವುಗಳ ಬುಡದಲ್ಲಿರುವುದು ಕಾಣುತ್ತದೆ: ನಾನು ಹೊರಟುಹೋದ ಮೇಲೆ ಈ ರೋಗಿಯ ಗತಿಯೇನು? ಹೊಲಿಗೆಯನ್ನು ಬಿಚ್ಚುವವರಾರು, ಕರುಳಿನ ದ್ವಾರವನ್ನು ಮತ್ತೆ ಮುಚ್ಚುವವರಾರು, ಮುಂದಿನ ಹೆರಿಗೆಗೆ ಆಕೆಯನ್ನು ಕರೆತರುವವರಾರು? ಎರಡು ವಾರ ಮಾತ್ರ ಇದ್ದು, ತನ್ನ ಊರಿನಲ್ಲಿ ಮಾಡಲು ಅವಕಾಶವಿಲ್ಲದ ದೊಡ್ಡ ಶಸ್ತ್ರಕ್ರಿಯೆಗಳನ್ನು ಮಾಡಿ, ಚಿತ್ರ ತೆಗೆಸಿಕೊಂಡು ಬರುವವನಿಗೆ ಈ ಪ್ರಶ್ನೆಗೆ ಉತ್ತರ ಕೊಡುವ ಯೋಗ್ಯತೆಯೇ ಇರುವುದಿಲ್ಲ. ಉತ್ತರ ಕೊಟ್ಟವರು, ಹೋದಲ್ಲಿಯೇ ನೆಲೆನಿಂತವರು. 1938ರಲ್ಲಿ ಭಾರತದಿಂದ ಯುದ್ಧಪೀಡಿತ ಚೀನಕ್ಕೆ ಹೋದ ಐವರು ವೈದ್ಯರ ಪೈಕಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅಲ್ಲಿಯೇ ನಿಂತು, ಆಸ್ಪತ್ರೆಯನ್ನು ನಡೆಸಿ, ಶಿಷ್ಯರನ್ನು ತಯಾರುಮಾಡಿ, 1942ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. 1959ರಲ್ಲಿ ಇಥಿಯೋಪಿಯಕ್ಕೆ ಬಂದ ರೆಜಿನಾಲ್ಡ್ ಮತ್ತು ಕ್ಯಾಥರೀನ್ ಹ್ಯಾಮ್ಲಿನ್ ದಂಪತಿಗಳು ಮೂತ್ರ ಸೋರುವ ಹೆಂಗಸರಿಗೋಸ್ಕರ ಅಡಿಸ್ ಅಬಾಬದಲ್ಲಿ ಆಸ್ಪತ್ರೆ ಕಟ್ಟಿದುದಷ್ಟೇ ಅಲ್ಲ, ರೋಗಿಯಾಗಿ ಬಂದ ಮಮಿತು ಗಾಶೆ ಎಂಬ ಹಳ್ಳಿಯ ಹುಡುಗಿಯ ಕೈಗೆ ವಿದ್ಯೆಯನ್ನು ಕೊಟ್ಟು, ಆಕೆಯನ್ನು ಆ ಶಸ್ತ್ರಕ್ರಿಯೆಯಲ್ಲಿ ಪ್ರಸಿದ್ಧಳನ್ನಾಗಿ ಮಾಡಿದರು.

ಎಲ್ಲರೂ ಜೀವಮಾನವನ್ನೇ ಕೊಡಬೇಕೆಂದು ಹೇಳುವುದು ನ್ಯಾಯವಲ್ಲ. ಆದರೆ ಹೋಗುವವರು ತಿಂಗಳುಗಳ ಲೆಕ್ಕದಲ್ಲಿ ಹೋಗಲಿ. ಹೋದ ಆಸ್ಪತ್ರೆಗೇ ಮತ್ತೆ ಹೋಗಲಿ. ಸ್ಥಳೀಯ ಸಹೋದ್ಯೋಗಿಯ ಕೈಗೆ ಶಸ್ತ್ರವನ್ನು ಕೊಟ್ಟು ತಾವು ಸಹಾಯಕರಾಗಿ ನಿಲ್ಲುವ ದಿನವನ್ನು ಆದಷ್ಟು ಬೇಗ ತಂದುಕೊಳ್ಳಲಿ. ನಮ್ಮ ವೈದ್ಯಕೀಯ ಕಾಲೇಜುಗಳೂ ದೊಡ್ಡ ಆಸ್ಪತ್ರೆಗಳೂ ಇಂಥವರಿಗೆ ನೌಕರಿಯ ಭಂಗವಿಲ್ಲದೆ ದೀರ್ಘ ರಜೆಯನ್ನು ಕೊಡಬೇಕು. ಹೊರಡುವ ಮುನ್ನ ಹೆರಿಗೆ, ಮೂಳೆ, ಅರಿವಳಿಕೆ ಈ ಮೂರರಲ್ಲಿಯೂ ಅವರಿಗೆ ಅಭ್ಯಾಸ ಮಾಡಿಸಬೇಕು. ಅಲ್ಲಿಯ ಕ್ಲಿನಿಕಲ್ ಆಫೀಸರುಗಳನ್ನು ಇಲ್ಲಿಗೆ ಬರಮಾಡಿಕೊಂಡು ಕಲಿಸುವ ವ್ಯವಸ್ಥೆಯನ್ನೂ ಮಾಡಬೇಕು. ಇದಕ್ಕೆ ತಗಲುವ ಖರ್ಚು ದೊಡ್ಡದಲ್ಲ, ಬೇಕಾದುದು ಮನಸ್ಸು.